ಹೊನಲು ಬೆಳಕಿನ ಕಬಡ್ಡಿ, ಹಗಲು ಬೆಳಕಿನ ಫೈನಲ್

ಕರಾವಳಿಯ ಯಾವುದೇ ಊರಿನಲ್ಲಿ ಯುವಕ ಮಂಡಲದವರು ಕಬಡ್ಡಿ ಪಂದ್ಯಾವಳಿ ಮಾಡೋಣವೆಂದು ಮಾತಾಡಿಕೊಂಡ ರಾತ್ರಿಯೇ ಬ್ಯಾನರ್ ತಯಾರಾಗುತ್ತದೆ. ಹದಿನೆಂಟು ಮುಖ, ಹದಿನೆಂಟು ನಮಸ್ಕಾರ, ಆಳೆತ್ತರದ ಟ್ರೋಫಿ, ಬೆಂಕಿ ಹತ್ತಿದ ಅಕ್ಷರಗಳಲ್ಲಿ ‘ಹೊನಲು ಬೆಳಕಿನ’ ಎಂಬ ಪದ. ಕಬಡ್ಡಿ ಆಡುವವನ ಚಿತ್ರ ಮೂಲೆಯಲ್ಲೆಲ್ಲೋ ಅಂಚೆಚೀಟಿಯಷ್ಟು. ಪಂದ್ಯಾವಳಿ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದನ್ನು ಮಾತ್ರ ಯಾರೂ ಲೆಕ್ಕ ಹಾಕಿರುವುದಿಲ್ಲ.

ಲೆಕ್ಕ ಮೂರನೇ ಕ್ಲಾಸಿನದು. ನಾಕೌಟ್‌ನಲ್ಲಿ ಒಂದೊಂದು ಪಂದ್ಯಕ್ಕೆ ಒಂದೊಂದು ತಂಡ ಮನೆಗೆ ಹೋಗುತ್ತದೆ. ಕೊನೆಗೆ ಒಂದೇ ಉಳಿಯಬೇಕಾದರೆ 27 ತಂಡಕ್ಕೆ 26 ಪಂದ್ಯ. ಹತ್ತು ಹತ್ತು ನಿಮಿಷದ ಎರಡು ಅವಧಿ, ನಡುವೆ ಐದು ನಿಮಿಷ, ಚಹಾದ ಅಂಗಡಿಯಿಂದ ಆಟಗಾರರನ್ನು ಹಿಡಿದು ತರಲು ಇನ್ನೈದು. ಅಲ್ಲಿಗೆ ಪಂದ್ಯಕ್ಕೆ ಅರ್ಧ ಗಂಟೆ, ಒಟ್ಟು 13 ಗಂಟೆ. ಸಂಜೆ ಆರಕ್ಕೆ ಶುರುವಾದರೆ ಫೈನಲ್ ಮುಗಿಯುವುದು ಬೆಳಿಗ್ಗೆ ಏಳಕ್ಕೆ. ಬಾಡಿಗೆಗೆ ತಂದ ದೀಪಗಳೆಲ್ಲ ಸೂರ್ಯನಿಗೆ ನಾಚಿ ನಿಂತಿರುತ್ತವೆ. ಡೈರಿಗೆ ಹಾಲು ಕೊಡಲು ಹೊರಟ ನಾಲ್ವರು ಪ್ರೇಕ್ಷಕರು.

ಅದೂ ಆರಕ್ಕೆ ಶುರುವಾದರೆ ತಾನೆ? ಮೊದಲು ಸಭಾ ಕಾರ್ಯಕ್ರಮ. ವೇದಿಕೆಯಲ್ಲಿ 14 ಮಂದಿ, ತಲಾ ಒಂದು ಶಾಲು, ಒಂದು ಹಾರ, ‘ಎರಡೇ ಮಾತು’. ಎರಡು ಮಾತಿಗೆ ಐದು ನಿಮಿಷವೆಂದರೂ 70 ನಿಮಿಷ ಹೋಯಿತು. ಅಷ್ಟರಲ್ಲಿ, ಐದೂವರೆಗೇ ಮೈ ಬಿಸಿ ಮಾಡಿಕೊಂಡು ಕೂತ ಮೊದಲ ಪಂದ್ಯದ ಹುಡುಗರು ತಣ್ಣಗಾಗಿರುತ್ತಾರೆ. ಆ ಮೈಯಲ್ಲೇ ಮೊದಲ ರೈಡಿಗೆ ಕಾಲು ಚಾಚಿದವನ ತೊಡೆಯ ಹಿಂದಿನ ಸ್ನಾಯು ‘ಟಕ್’ ಎನ್ನುತ್ತದೆ. ಊರವರು ದೃಷ್ಟಿಯಾಯಿತು ಎನ್ನುತ್ತಾರೆ. ಆದದ್ದು ಸನ್ಮಾನ.

ಉಪಾಯವಿದೆ. ಮಧ್ಯಾಹ್ನ ಎರಡಕ್ಕೇ ಮೊದಲ ಸುತ್ತು ಶುರು ಮಾಡಿ, ಎರಡು ಅಂಕಣ ಹಾಕಿ, ಇಲ್ಲವೇ 16 ತಂಡಕ್ಕೆ ನೋಂದಣಿ ನಿಲ್ಲಿಸಿ. ಸಭೆಯನ್ನು ಕ್ವಾರ್ಟರ್ ಫೈನಲ್ ಆದ ಮೇಲೆ ಇಡಿ; ಆಗ ಮೈದಾನ ತುಂಬಿರುವುದರಿಂದ ಅತಿಥಿಗಳಿಗೂ ಖುಷಿ. 27 ತಂಡವೇ ಆದರೆ 32ರ ಪಟ್ಟಿಯಲ್ಲಿ ಐದು ಬೈ ಬರುತ್ತವೆ, ಅಂದರೆ ಐದು ತಂಡ ಮೊದಲ ಸುತ್ತು ಆಡದೆಯೇ ಮುಂದಕ್ಕೆ. ಅವನ್ನು ಎಲ್ಲ ನಾಯಕರ ಎದುರಿನಲ್ಲೇ ಚೀಟಿ ಎತ್ತಿ ಕೊಡಬೇಕು. ಒಳಕೋಣೆಯಲ್ಲಿ ಎತ್ತಿದರೆ ಊರಿನ ತಂಡಕ್ಕೇ ಬೈ ಬರುತ್ತದೆ, ಅದು ಪ್ರಾಮಾಣಿಕವಾಗಿ ಬಂದಿದ್ದರೂ ದೇವರಾಣೆಗೂ ಯಾರೂ ನಂಬುವುದಿಲ್ಲ. ಇನ್ನು ಮೈಕಿನ ವಿಷಯ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ನಿಷಿದ್ಧ. ಹತ್ತಾದ ಮೇಲೂ “ಬಿಳಿ ಕಾರಿನವರು ದಯವಿಟ್ಟು ಕಾರು ತೆಗೀಬೇಕು” ಎಂದು ಕೂಗುತ್ತಿದ್ದರೆ ಮೊದಲು ಬರುವ ಗಾಡಿ ಪೊಲೀಸರದ್ದೇ.

ಅಂಕಣ ಹಾಕುವಾಗ ಊರಿನ ಹಿರಿಯ ಆಟಗಾರರೊಬ್ಬರು ಹೆಜ್ಜೆಯಲ್ಲೇ ಅಳೆಯಲು ಮುಂದಾಗುತ್ತಾರೆ. ಅವರನ್ನು ಗೌರವದಿಂದ ಕುರ್ಚಿಯಲ್ಲಿ ಕೂರಿಸಿ, ಎಳನೀರು ಕೊಟ್ಟು, ಟೇಪು ಹಿಡಿಯಿರಿ. ಪುರುಷರ ಅಂಕಣ 13 ಮೀಟರ್ ಉದ್ದ, ಎರಡೂ ಬದಿಯ ಒಂದೊಂದು ಮೀಟರ್ ಲಾಬಿ ಸೇರಿ 10 ಮೀಟರ್ ಅಗಲ. ನಡುಗೆರೆಯಿಂದ 3.75 ಮೀಟರಿಗೆ ರೈಡಿಗೆ ಹೋದವನು ದಾಟಬೇಕಾದ ಬಾಕ್ ಲೈನ್, ಅಲ್ಲಿಂದ ಒಂದು ಮೀಟರಿಗೆ ಹೆಚ್ಚುವರಿ ಅಂಕ ತರುವ ಬೋನಸ್ ಗೆರೆ. ನಾಲ್ಕು ಮೂಲೆಗೆ ಗೂಟ ಹೊಡೆದ ಮೇಲೆ ಮೂಲೆಯಿಂದ ಮೂಲೆಗೆ ಎರಡು ಕರ್ಣ ಅಳೆಯಿರಿ. ಎರಡೂ 16.40 ಬಂದರೆ ಸರಿ. ಒಂದು 16.10, ಇನ್ನೊಂದು 16.70 ಬಂದರೆ ಹಾಕಿದ್ದು ಅಂಕಣವಲ್ಲ, ಗಾಳಿಪಟ. ಬೋನಸ್ ಗೆರೆ ಓರೆಯಾಗಿರುವುದು ಮೊದಲ ಸುತ್ತುಗಳಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಸೆಮಿಫೈನಲ್‌ನಲ್ಲಿ ಒಂದು ಅಂಕಕ್ಕೆ ಸೋತವರ ಕಣ್ಣಿಗೆ ಮೊಬೈಲ್ ಬೆಳಕಿನಲ್ಲೂ ಕಾಣುತ್ತದೆ.

ಮಣ್ಣಿನ ಅಂಕಣಕ್ಕೆ ಗೆರೆ ಎಳೆಯಲು ಮನೆಗೆ ಬಳಿದು ಉಳಿದ ಸುಣ್ಣ ತರುವವರಿದ್ದಾರೆ. ಕಬಡ್ಡಿಯಲ್ಲಿ ಮುಖ ನೆಲಕ್ಕೆ ಊರುವುದೇ ಹೆಚ್ಚು. ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತದೆ. ಚಾಕ್ ಪುಡಿ ತನ್ನಿ. ಉದ್ಘಾಟನೆಗೆ ತೆಂಗಿನಕಾಯಿಯನ್ನು ನಡುಗೆರೆಯ ಮೇಲೆಯೇ ಒಡೆಯಬೇಕೆಂಬ ಹಟವೂ ಇರುತ್ತದೆ. ನೀರು ಹರಿದ ಜಾಗ ಜಾರುತ್ತದೆ, ಚಿಪ್ಪಿನ ಚೂರು ಮಣ್ಣಿನಲ್ಲಿ ಅಡಗಿ ಕೂತು ಮೂರನೇ ಪಂದ್ಯದಲ್ಲಿ ಯಾರದೋ ಮೊಣಕಾಲು ಸೀಳುತ್ತದೆ. ಅಂಕಣದ ಹೊರಗೆ ಒಂದು ಕಲ್ಲಿಟ್ಟು ಅದರ ಮೇಲೆ ಒಡೆದರೂ ದೇವರು ಸ್ವೀಕರಿಸುತ್ತಾನೆ. ದೀಪದ ಎಣ್ಣೆಗೂ ಇದೇ ಮಾತು, ಮ್ಯಾಟ್ ಹಾಸಿದ್ದರಂತೂ.

ಮ್ಯಾಟ್ ಎಂದರೆ ಒಂದು ಮೀಟರ್ ಚೌಕದ 130 ತುಂಡು, ಹಲ್ಲಿಗೆ ಹಲ್ಲು ಕೂರಿಸಿದ್ದು. ಕೆಳಗಿನ ನೆಲ ತಗ್ಗುದಿಣ್ಣೆಯಾಗಿದ್ದರೆ ಜೋಡಣೆ ಬಾಯಿ ಬಿಡುತ್ತದೆ. ಅಲ್ಲಿ ಹೆಬ್ಬೆರಳು ಸಿಕ್ಕಿದವನಿಗೆ ಹಿಡಿಯುವ ಕ್ಯಾಚರ್ ಬೇಕಿಲ್ಲ. ಎರಡು ಪಂದ್ಯಕ್ಕೊಮ್ಮೆ ಒಬ್ಬ ಬರಿಗಾಲಲ್ಲಿ ಜೋಡಣೆಯ ಮೇಲೆ ನಡೆದು ನೋಡಲಿ, ಕಾಲಿಗೆ ತಿಳಿದಷ್ಟು ಕಣ್ಣಿಗೆ ತಿಳಿಯುವುದಿಲ್ಲ. ನಡುರಾತ್ರಿಯ ನಂತರ ಇಬ್ಬನಿ ಇಳಿದು ಮ್ಯಾಟ್ ಸಾಬೂನು ಹಚ್ಚಿದಂತಾಗುತ್ತದೆ. ಒಣ ಬೈರಾಸು (ಟವೆಲ್) ಒಂದು ಡಜನ್ ಇರಲಿ. ಒದ್ದೆಯಾದದ್ದನ್ನೇ ಹಿಂಡಿ ಹಿಂಡಿ ಒರೆಸಿದರೆ ನೀರು ಜಾಗ ಬದಲಿಸುತ್ತದೆ, ಅಷ್ಟೆ.

60 ಕೆಜಿ ವಿಭಾಗವಿದ್ದರೆ ತೂಕದ ಯಂತ್ರವೇ ದೊಡ್ಡ ನಾಟಕ. ಮ್ಯಾಟ್ ಮೇಲೋ ಮರಳಿನ ಮೇಲೋ ಇಟ್ಟರೆ ಅದು ತಪ್ಪು ತೋರಿಸುತ್ತದೆ. ಸಿಮೆಂಟ್ ನೆಲದ ಮೇಲಿಡಿ, ದಿನಸಿ ಅಂಗಡಿಯಿಂದ 20 ಕೆಜಿಯ ತೂಕದ ಬಟ್ಟು ತಂದು ಮೊದಲು ಅದನ್ನೇ ತೂಗಿ ತೋರಿಸಿ. ಆಮೇಲೆ 60.4 ಬಂದವನು “ಒಂದು ನಿಮಿಷ ಅಣ್ಣ” ಎಂದು ಬಟ್ಟೆ ಕಳಚತೊಡಗಿದರೆ ಅಡ್ಡಲಾಗಿ ಹಿಡಿಯಲು ಆ ಬ್ಯಾನರ್ ಉಪಯೋಗಕ್ಕೆ ಬರುತ್ತದೆ.

ದೀಪ ಬಾಡಿಗೆಗೆ ಹಿಡಿಯುವಾಗ ಎಲ್‌ಇಡಿಯೋ ಮೆಟಲ್ ಹ್ಯಾಲೈಡೋ ಎಂದು ಕೇಳಿ. ಹ್ಯಾಲೈಡ್ ದೀಪ ಹಿಂದಿನ ಕಾಲದ ಅಳಿಯನಿದ್ದಂತೆ. ಕರೆಂಟು ಒಂದು ಕ್ಷಣ ಕಣ್ಣು ಮಿಟುಕಿಸಿದರೂ ಮುನಿಸಿಕೊಂಡು ಆರಿಹೋಗುತ್ತದೆ. ಅದರ ಬಿಸಿ ಇಳಿದು ಮತ್ತೆ ಹತ್ತಿಕೊಳ್ಳಲು ಹತ್ತು ನಿಮಿಷವಾದರೂ ಬೇಕು, ಜನರೇಟರ್ ತಕ್ಷಣ ಓಡಿದರೂ ಅಷ್ಟೆ. ಆ ಹತ್ತು ನಿಮಿಷದ ಕತ್ತಲಲ್ಲಿ ಎರಡು ಊರಿನ ಬೆಂಬಲಿಗರು ಹಳೆಯ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತಾರೆ. ಹಾಗಾಗಿ ಎಲ್‌ಇಡಿ ಆಗಲಿ, ಇಲ್ಲವೇ ಮೊದಲಿನಿಂದಲೂ ಜನರೇಟರ್ ಮೇಲೆಯೇ ಓಡಿಸಿ. ಕಂಬಗಳು ಅಂಕಣದ ಗೆರೆಯಿಂದ ಕನಿಷ್ಠ ಮೂರು ಮೀಟರ್ ದೂರವಿರಲಿ, ಬುಡಕ್ಕೆ ಗೋಣಿಯಲ್ಲಿ ಹುಲ್ಲು ತುಂಬಿ ಸುತ್ತಿ. ವೈರು ಇಬ್ಬನಿಯ ಹುಲ್ಲಿನ ಮೇಲೆ ಮಲಗಿರಬಾರದು, ಸಾಲಿಗೆ ಕರೆಂಟು ಸೋರಿದೊಡನೆ ಕಡಿಯುವ ಇಎಲ್‌ಸಿಬಿ ಸ್ವಿಚ್ ಇಲ್ಲದೆ ದೀಪ ಹಚ್ಚಲೇಬಾರದು.

ಗ್ಯಾಲರಿಯ ಮಾತು ಬಂದಾಗ ಮಾತ್ರ ನಗಲು ಮನಸ್ಸಾಗುವುದಿಲ್ಲ. 2021ರ ಮಾರ್ಚ್‌ನಲ್ಲಿ ತೆಲಂಗಾಣದ ಸೂರ್ಯಾಪೇಟೆಯಲ್ಲಿ ರಾಷ್ಟ್ರೀಯ ಕಿರಿಯರ ಕಬಡ್ಡಿಯ ಉದ್ಘಾಟನೆಯ ಹೊತ್ತಿಗೇ ತಾತ್ಕಾಲಿಕ ಗ್ಯಾಲರಿ ಕುಸಿದು ನೂರರಷ್ಟು ಮಂದಿ ಗಾಯಗೊಂಡರು. ಊರಿನ ಗ್ಯಾಲರಿಯಲ್ಲಿ 200 ಜನ ಕೂತರೆ, ತಲಾ 60 ಕೆಜಿ ಎಂದರೆ 12 ಟನ್. ಅಡಿಕೆ ಮರದ ಕಂಬಗಳು ಸುಮ್ಮನೆ ಕೂತ 12 ಟನ್ನನ್ನು ಹೇಗೋ ತಡೆದಾವು. ಮೂರೋ ಅದಕ್ಕಿಂತ ಕಡಿಮೆಯೋ ಮಂದಿ ಉಳಿದ ತಂಡ ರೈಡರನ್ನು ಹಿಡಿದು ಸೂಪರ್ ಟ್ಯಾಕಲ್ ಆದಾಗ ಅಷ್ಟೂ ಜನ ಒಟ್ಟಿಗೆ ಎದ್ದು ಕುಣಿದರೆ ಗ್ಯಾಲರಿ ಪಕ್ಕಕ್ಕೆ ವಾಲುತ್ತದೆ. ಓರೆಯಾಗಿ ಬಿಗಿದ ಅಡ್ಡಮರಗಳಿಲ್ಲದ, ಕಂಬದ ಬುಡಕ್ಕೆ ಹಲಗೆ ಕೊಡದ ಗ್ಯಾಲರಿಗಿಂತ ನೆಲದ ಮೇಲೆ ಚಾಪೆ ಹಾಸುವುದು ಲೇಸು.

ಗಾಯದ ವಿಷಯಕ್ಕೆ ಬಂದರೆ, ಐಸು ಬೇಕು, ಸ್ಟ್ರೆಚರ್ ಬೇಕು, ಆಂಬುಲೆನ್ಸ್ ಒಳಬರುವ ದಾರಿ ಖಾಲಿ ಬೇಕು. ದಾರಿಗೆ ಅಡ್ಡ ನಿಂತಿರುವ ಕಾರು ಸಾಮಾನ್ಯವಾಗಿ ಗೌರವಾಧ್ಯಕ್ಷರದ್ದು. ಭುಜ ಜಾರಿದವನನ್ನು ಕಂಡೊಡನೆ “ನಾನು ಎಳೆದು ಕೂರಿಸ್ತೇನೆ ಮಾರಾಯ” ಎಂದು ಗುಂಪಿನಿಂದ ಒಬ್ಬ ಬಂದೇ ಬರುತ್ತಾನೆ. ಅವನನ್ನು ತಡೆಯಲು ದೇಹದಾರ್ಢ್ಯದ ಇಬ್ಬರು ಸ್ವಯಂಸೇವಕರನ್ನು ನೇಮಿಸಿ. ತಲೆಗೆ ಪೆಟ್ಟಾಗಿ ಕಣ್ಣು ಮಂಜಾದವನಿಗೆ ನೀರು ಚಿಮುಕಿಸಿ ಮತ್ತೆ ಇಳಿಸುವುದು ಶೌರ್ಯವಲ್ಲ. ಅವನ ಆಟ ಆ ರಾತ್ರಿಗೆ ಮುಗಿಯಿತು, ಮುಂದಿನದು ವೈದ್ಯರ ಮಾತು.

ಬಹುಮಾನ ಕೊಟ್ಟು ಫೋಟೋ ಆದ ಮೇಲೆ ಸಮಿತಿ ಮಾಯವಾಗುತ್ತದೆ. ಸೋಮವಾರ ಬೆಳಿಗ್ಗೆ ಅದೇ ಮೈದಾನದಲ್ಲಿ ಮಕ್ಕಳು ಪ್ರಾರ್ಥನೆಗೆ ನಿಲ್ಲಬೇಕು. ಕಂಬದ ಗುಂಡಿಗಳನ್ನು ಮುಚ್ಚಬೇಕು, ಗ್ಯಾಲರಿಯ ಮೊಳೆ ಹೆಕ್ಕಬೇಕು. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ಎಳೆದುಕೊಂಡು ಓಡಾಡಿದರೆ ಅರ್ಧ ಕೆಲಸ ಸಲೀಸು. ಮ್ಯಾಟ್ 130 ಎಣಿಸಿ ಕೊಡಬೇಕು, ಕುರ್ಚಿ 300. ಕುರ್ಚಿ ಯಾವಾಗಲೂ 297 ಇರುತ್ತವೆ. ಉಳಿದ ಮೂರು ಜನರೇಟರ್ ಹಿಂದೆ ಸಾಲಾಗಿ ಜೋಡಿಸಿರುತ್ತವೆ, ಅವುಗಳ ಮೇಲೆ ವೀಕ್ಷಕ ವಿವರಣೆಕಾರರು ಮಲಗಿರುತ್ತಾರೆ. ಮೈಕು ಆಫ್ ಮಾಡಿ ಎಬ್ಬಿಸಿ.