ಸ್ವಂತ ಮನೆ ಆಗಲಿ ಎಂದು ಕಾಯಬೇಡಿ

ಬೆಂಗಳೂರಿನಲ್ಲಿ ಬಾಡಿಗೆಗಿರುವ ನನ್ನ ಎಷ್ಟೋ ಗೆಳತಿಯರ ಬಾಯಲ್ಲಿ ಈ ಮಾತು ಕೇಳಿದ್ದೇನೆ. "ಇರಲಿ ಬಿಡು, ಹೇಗಿದ್ದರೂ ಬಾಡಿಗೆ ಮನೆ. ಸ್ವಂತದ್ದು ಆದಮೇಲೆ ಎಲ್ಲ ಚೆನ್ನಾಗಿ ಮಾಡಿಸಿದರಾಯಿತು." ಹೀಗೆ ಅನ್ನುತ್ತಲೇ ವರ್ಷಗಳು ಉರುಳುತ್ತವೆ. ಹಾಲ್‌ನಲ್ಲಿ ಅದೇ ಒಂಟಿ ಟ್ಯೂಬ್‌ಲೈಟ್, ಕಿಟಕಿಗೆ ಹಿಂದಿನವರು ಬಿಟ್ಟುಹೋದ ಪರದೆ, ಸಜ್ಜಾದ ಮೇಲೆ ಬಂದ ದಿನದಿಂದ ಬಿಚ್ಚದ ರಟ್ಟಿನ ಪೆಟ್ಟಿಗೆಗಳು. ಆ ಮನೆಯಲ್ಲೇ ಮಗು ಅಂಬೆಗಾಲಿಡುತ್ತದೆ, ಅಕ್ಷರ ಕಲಿಯುತ್ತದೆ, ಹೈಸ್ಕೂಲಿಗೂ ಹೋಗುತ್ತದೆ. ಆ ಮಗುವಿಗೆ ಬಾಲ್ಯದ ಮನೆ ಎಂದರೆ ಅದೇ. ಮುಂದೆಂದೋ ಸಾಲ ಮಾಡಿ ಕೊಳ್ಳುವ ಫ್ಲ್ಯಾಟ್ ಅದರ ನೆನಪಿನಲ್ಲಿ ಎರಡನೆಯದಾಗಿಯೇ ಉಳಿಯುತ್ತದೆ.

ಹಾಗಾಗಿ ಬಾಡಿಗೆ ಮನೆಯನ್ನು ಚೆಂದ ಮಾಡಿಕೊಳ್ಳುವುದು ದುಂದುವೆಚ್ಚ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಿದ್ದೇವೆ, ನಮ್ಮ ದಿನಗಳು ಅಲ್ಲೇ ಕಳೆಯುತ್ತಿವೆ. ಆದರೆ ತೊಡಕುಗಳೂ ಇವೆ, ಅವುಗಳ ಅರಿವು ನನಗೂ ಇದೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಡ್ರಿಲ್ ಮಾತೇ ಎತ್ತುವಂತಿಲ್ಲ. ಮನೆ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುವುದು ಈ ಊರಿನ ವಾಡಿಕೆ. ಆದ್ದರಿಂದ ನಾನು ಪಾಲಿಸುವ ಲೆಕ್ಕ ಸರಳ. ಮುಂದಿನ ಮನೆಗೂ ನಮ್ಮ ಜೊತೆ ಬರುವ ವಸ್ತುಗಳಿಗೆ ಮಾತ್ರ ದುಡ್ಡು ಹಾಕಬೇಕು. ಬೆಳಕು, ಬಟ್ಟೆ, ನೆಲಕ್ಕೆ ಹಾಸುವುದು, ಒಂದೆರಡು ಕೈಕೆಲಸದ ವಸ್ತು, ಗಿಡ. ಕೋಣೆಯ ಕಳೆ ಬದಲಾಯಿಸಲು ಇವಿಷ್ಟು ಸಾಕು.

ಎಲ್ಲಕ್ಕಿಂತ ಮೊದಲು ಬೆಳಕು. ಬೇರೇನೂ ಮಾಡಲು ಆಗದವರು ಇದೊಂದನ್ನಾದರೂ ಮಾಡಿ. ನಮ್ಮ ಮನೆಗಳಲ್ಲಿ ಬಳಸುವ ಎಲ್‌ಇಡಿ ಬಲ್ಬಿನ ಡಬ್ಬದ ಮೇಲೆ ಹೆಚ್ಚಾಗಿ 6500 ಕೆ (ಕೆಲ್ವಿನ್) ಎಂದು ಬರೆದಿರುತ್ತದೆ. ಅದು ನೀಲಿ ಛಾಯೆಯ ಬಿಳಿ ಬೆಳಕು. ಅಂಗಡಿಗೆ, ಅಡುಗೆಕಟ್ಟೆಗೆ ಒಗ್ಗುತ್ತದೆ. ರಾತ್ರಿ ಎಂಟರ ನಂತರ ಕುಳಿತು ಮಾತಾಡುವ ಹಾಲ್‌ಗಾಗಲಿ, ಮಲಗುವ ಕೋಣೆಗಾಗಲಿ ಅದು ಹೊಂದುವುದಿಲ್ಲ, ಮುಖಗಳೆಲ್ಲ ಬಿಳಿಚಿಕೊಂಡಂತೆ ಕಾಣುತ್ತವೆ. ಅಲ್ಲಿಗೆ 2700ರಿಂದ 3000 ಕೆ ಎಂದು ಬರೆದಿರುವ ಬಲ್ಬು ತನ್ನಿ. ಹಳೆಯ ಕಾಲದ ತಂತಿ ಬಲ್ಬಿನ ಹಳದಿ ಬೆಳಕು ಅದು. ಹಳದಿ ಎಂದರೆ ಬೆಳಕು ಕಡಿಮೆ ಎಂದು ಅನೇಕರು ತಿಳಿದಿದ್ದಾರೆ, ಅದು ತಪ್ಪು. ಬೆಳಕಿನ ಪ್ರಮಾಣವನ್ನು ಹೇಳುವುದು ಲ್ಯೂಮೆನ್, ಅದೂ ಡಬ್ಬದ ಮೇಲೆಯೇ ಇರುತ್ತದೆ. ಕೆಲ್ವಿನ್ ಹೇಳುವುದು ಬಣ್ಣವನ್ನು ಮಾತ್ರ. ಮಕ್ಕಳು ಓದುವ ಮೇಜಿಗೆ 4000 ಕೆ ಆಸುಪಾಸಿನದು ಹಿತವಾಗಿರುತ್ತದೆ.

ಇನ್ನೊಂದು ವಿಷಯ, ಬೆಳಕು ಎಲ್ಲಿಂದ ಬೀಳಬೇಕು ಎಂಬುದು. ಮನೆಯ ಯಜಮಾನರು ಹಾಕಿಸಿಕೊಟ್ಟ ಟ್ಯೂಬ್‌ಲೈಟ್ ಗೋಡೆಯ ತುದಿಯಲ್ಲಿರುತ್ತದೆ, ಇಡೀ ಕೋಣೆಗೆ ಒಂದೇ ಸಮನೆ ಬೆಳಕು ಸುರಿಯುತ್ತದೆ. ಒಂದು ಮೂಲೆಯಲ್ಲಿ, ಕುಳಿತವರ ಭುಜದ ಎತ್ತರಕ್ಕೆ, ಒಂದು ಟೇಬಲ್ ಲ್ಯಾಂಪ್ ಇಟ್ಟು ಸಂಜೆ ಟ್ಯೂಬ್‌ಲೈಟ್ ಆರಿಸಿ ನೋಡಿ. ಬೆಳಕಿನ ಜೊತೆ ನೆರಳೂ ಬಂದಾಗ ಕೋಣೆಗೆ ಆಳ ಬರುತ್ತದೆ. ಲ್ಯಾಂಪಿಗೆ ಬೇಕಾದದ್ದು ಒಂದು ಪ್ಲಗ್ ಪಾಯಿಂಟ್ ಮಾತ್ರ, ಯಜಮಾನರ ಅಪ್ಪಣೆ ಬೇಕಾಗಿಲ್ಲ.

ಈಗ ನನಗೆ ತೀರಾ ಪ್ರೀತಿಯ ವಿಷಯಕ್ಕೆ ಬರುತ್ತೇನೆ, ಬಟ್ಟೆ. ನಾನು ಧಾರವಾಡದ ಕಡೆಯವಳು. ನಮ್ಮಲ್ಲಿ ಬೀರು ತೆಗೆದರೆ ಒಂದಾದರೂ ಇಳಕಲ್ ಸೀರೆ ಇದ್ದೇ ಇರುತ್ತದೆ. ಉಟ್ಟು ಉಟ್ಟು ಮೆತ್ತಗಾದ ಹತ್ತಿಯ ಇಳಕಲ್‌ನಷ್ಟು ಒಳ್ಳೆಯ ಪರದೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ. ಆ ಸೀರೆಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಒಡಲಿನ ಸಣ್ಣ ಚೌಕಳಿ, ಉದ್ದಕ್ಕೂ ಓಡುವ ಅಂಚು, ಕೊನೆಯಲ್ಲಿ ಕೆಂಪು ಸೆರಗು, ಸೆರಗಿನ ಮೇಲೆ ಬಾಚಣಿಗೆಯ ಹಲ್ಲಿನಂತೆ ಸಾಲುಗಟ್ಟಿದ ಬಿಳಿ ತೆನೆಗಳು. ಟೋಪ್ ತೆನಿ ಸೆರಗು ಎಂದರೆ ಇದೇ. ಒಡಲಿನ ಹಾಸಿನ, ಅಂದರೆ ಉದ್ದುದ್ದದ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಒಂದಕ್ಕೊಂದು ಕುಣಿಕೆ ಹಾಕಿ ಜೋಡಿಸಿ ನೇಯುತ್ತಾರೆ. ಸೀರೆ ಸೀರೆಗೂ ಈ ಜೋಡಣೆಯನ್ನು ಹೊಸದಾಗಿ ಮಾಡಬೇಕು. ಇಂಥ ಕೆಲಸವನ್ನು ಬೀರುವಿನ ಕತ್ತಲಲ್ಲಿ ಮಡಿಸಿಡುವುದಕ್ಕಿಂತ ಕಿಟಕಿಗೆ ಕಟ್ಟಿ ದಿನವೂ ನೋಡುವುದು ಮೇಲು.

ಲೆಕ್ಕವೂ ಸಲೀಸು. ಆರು ಗಜದ ಸೀರೆ ಎಂದರೆ ಹದಿನೆಂಟು ಅಡಿ. ಏಳು ಅಡಿ ಎತ್ತರದ ಎರಡು ಪರದೆಗೆ, ಕೆಳಗಿನ ಮಡಿಕೆಗೆಂದು ಅರ್ಧರ್ಧ ಅಡಿ ಸೇರಿಸಿದರೆ, ಹದಿನೈದು ಅಡಿ ಹೋಗುತ್ತದೆ. ಉಳಿಯುವ ಮೂರು ಅಡಿ ಸೆರಗಿನ ಭಾಗ. ಅದನ್ನು ಪರದೆಗೆ ಬಳಸಬೇಡಿ, ಊಟದ ಮೇಜಿನ ನಡುವೆ ಹಾಸಲು ಇಟ್ಟುಕೊಳ್ಳಿ. ಪರದೆಯ ಅಗಲ ಕಿಟಕಿಯ ಅಗಲಕ್ಕಿಂತ ಒಂದೂವರೆಯಿಂದ ಎರಡು ಪಟ್ಟು ಇರಬೇಕು, ಆಗಲೇ ನೆರಿಗೆ ಚೆನ್ನಾಗಿ ಬೀಳುವುದು. ನಾಲ್ಕಡಿಯ ಕಿಟಕಿಗೆ ಸೀರೆಯ ಎರಡು ತುಂಡು ಸರಿಹೋಗುತ್ತದೆ. ಹೊಸ ಸೀರೆಯಾದರೆ ಕತ್ತರಿಸುವ ಮೊದಲು ಒಮ್ಮೆ ನೀರಿಗೆ ಹಾಕಿ ಒಣಗಿಸಿ, ಹತ್ತಿ ಕುಗ್ಗುತ್ತದೆ, ಕೆಂಪು ಬಣ್ಣ ಬಿಡಲೂಬಹುದು. ಪಶ್ಚಿಮದ ಬಿಸಿಲು ನೇರವಾಗಿ ಹೊಡೆಯುವ ಕಿಟಕಿಯಾದರೆ ಹಿಂಬದಿಗೆ ಹಳೆಯ ಪಂಚೆಯನ್ನು ಅಸ್ತರಿ ಕೊಡಿ. ಅಮ್ಮನ ಸೀರೆಯನ್ನು ಕತ್ತರಿಸಲು ಮನಸ್ಸು ಬಾರದವರು ಕ್ಲಿಪ್ ಇರುವ ಬಳೆಗಳನ್ನು ತಂದು, ಸೀರೆಯನ್ನು ಮಡಿಸಿ ಹಾಗೆಯೇ ತೂಗುಹಾಕಬಹುದು. ರಾಡ್ ಇಲ್ಲದ ಮನೆಯಲ್ಲಿ, ಕಿಟಕಿಯ ಸಂದಿನೊಳಗೆ ಒತ್ತಿ ಕೂರುವ ಸ್ಪ್ರಿಂಗ್ ರಾಡ್ ನಡೆಯುತ್ತದೆ, ಮೊಳೆಯ ಗೊಡವೆ ಇಲ್ಲ. ರಾಡ್ ಹಾಕಿಸುವ ಅವಕಾಶವಿದ್ದರೆ ಮಾತ್ರ ಅದನ್ನು ಕಿಟಕಿಯ ಅಂಚಿಗೆ ಅಂಟಿಸದೆ ಅರ್ಧ ಅಡಿ ಮೇಲಕ್ಕೆ, ಎರಡೂ ಪಕ್ಕಕ್ಕೆ ಅಷ್ಟಷ್ಟು ಹೊರಕ್ಕೆ ಹಾಕಿಸಿ. ಪರದೆ ಸರಿಸಿದಾಗ ಪೂರ್ತಿ ಗಾಜು ತೆರೆದುಕೊಳ್ಳುತ್ತದೆ, ಕಿಟಕಿ ದೊಡ್ಡದಾಗಿ ಕಾಣುತ್ತದೆ.

ಗುಳೇದಗುಡ್ಡದ ಖಣವನ್ನು ಕುಪ್ಪಸಕ್ಕೆ ಮಾತ್ರ ಎಂದು ಬಿಟ್ಟುಬಿಡಬೇಡಿ. ಅದರ ಬಿಗಿ ನೇಯ್ಗೆ, ಒಂದು ಕೋನದಿಂದ ನೋಡಿದರೆ ಒಂದು ಬಣ್ಣ, ಇನ್ನೊಂದು ಕೋನದಿಂದ ಬೇರೆ ಬಣ್ಣ ಮಿಂಚುವ ಗುಣ, ಸೋಫಾದ ದಿಂಬಿನ ಕವರಿಗೆ ಹೇಳಿ ಮಾಡಿಸಿದಂತಿದೆ. ಒಂದು ಖಣದಲ್ಲಿ ದಿಂಬಿನ ಮುಂಬದಿ ಧಾರಾಳವಾಗಿ ಬರುತ್ತದೆ, ಹಿಂಬದಿಗೆ ಸಾದಾ ಹತ್ತಿ ಬಟ್ಟೆ ಸಾಕು. ಎಲ್ಲ ದಿಂಬಿಗೂ ಖಣ ಹಾಕಿದರೆ ಕಣ್ಣಿಗೆ ಹೆಚ್ಚಾಗುತ್ತದೆ. ಎರಡಕ್ಕೆ ಖಣ, ಉಳಿದದ್ದಕ್ಕೆ ಅದೇ ಬಣ್ಣದ ಸಾದಾ ಬಟ್ಟೆ.

ಇನ್ನು ಕೌದಿ. ನಮ್ಮ ಅಜ್ಜಿಯರು ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಹೊದಿಕೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಮಹಿಳೆಯರ ಕೌದಿಗಳನ್ನು ನೋಡಿದವರಿಗೆ ಗೊತ್ತು, ಅದು ಯಾವ ಚಿತ್ರಕಲೆಗೂ ಕಡಿಮೆಯಿಲ್ಲ. ಒಂದು ಅಂಚಿನಿಂದ ಹೊಲಿಗೆ ಹಿಡಿದು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ತ್ರಿಕೋನವಾಗಿ ಮಡಿಸಿದ ಬಟ್ಟೆಯ ಹೂಗಳನ್ನು ಕೂರಿಸುತ್ತಾರೆ. ಅವಿಲ್ಲದೆ ಕೌದಿ ಪೂರ್ಣವಾಯಿತು ಎನ್ನುವುದಿಲ್ಲ. ನಮ್ಮ ಮನೆಯಲ್ಲಿ ಕೌದಿ ದಿವಾನದ ಮೇಲಿದೆ, ಒಂದು ಮೂಲೆ ಮುಂದಕ್ಕೆ ಇಳಿಬಿದ್ದು ಹೊಲಿಗೆ ಕಾಣುವ ಹಾಗೆ. ಬಂದವರ ಕೈ ತಾನಾಗಿಯೇ ಅದರ ಮೇಲೆ ಹೋಗುತ್ತದೆ. ಸಾವಿರಗಟ್ಟಲೆ ಕೊಟ್ಟು ತಂದ ಯಾವ ಬೆಡ್‌ಶೀಟಿಗೂ ಆ ಮರ್ಯಾದೆ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಊರಿನ ಅಟ್ಟದಲ್ಲಿ, ಟ್ರಂಕಿನಲ್ಲಿ ಅಂಥದ್ದೊಂದು ಇದ್ದರೆ ದಯವಿಟ್ಟು ಈ ಸಲ ಊರಿಗೆ ಹೋದಾಗ ತನ್ನಿ. ಬಿಸಿಲಿಗೆ ಹಾಕಿ, ಕೊಡವಿ, ಬಳಸಿ.

ನೆಲಕ್ಕೆ ಬಂದರೆ, ಈಗಿನ ಮನೆಗಳಲ್ಲೆಲ್ಲ ಹೊಳೆಯುವ ವಿಟ್ರಿಫೈಡ್ ಟೈಲ್ಸ್. ತಣ್ಣಗೆ, ಸದ್ದು ಮಾರ್ದನಿಸುವ ಹಾಗೆ ಇರುತ್ತವೆ. ಅದರ ಮೇಲೆ ಒಂದು ಹತ್ತಿಯ ಜಮಖಾನ ಹಾಸಿದರೆ ಕೋಣೆಯ ದನಿಯೇ ಬದಲಾಗುತ್ತದೆ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ಮನೆಯಲ್ಲೇ, ನೆಟ್ಟಗೆ ನಿಂತ ಮಗ್ಗದ ಮುಂದೆ ಕುಳಿತು ಜಮಖಾನ ನೇಯುತ್ತಾರೆ. ನವಿಲು, ಪಗಡೆಯ ಹಾಸು ಅದರ ಹೆಸರಾದ ವಿನ್ಯಾಸಗಳು, ಭೌಗೋಳಿಕ ಗುರುತಿನ ಮಾನ್ಯತೆಯೂ ಅದಕ್ಕಿದೆ. ನೇಯುವ ಕೈಗಳು ಈಗ ಬಹಳ ಕಡಿಮೆಯಾಗಿವೆ. ಗೃಹಾಲಂಕಾರಕ್ಕೆಂದು ಎತ್ತಿಟ್ಟ ದುಡ್ಡು ಅಲ್ಲಿಗೆ ಹೋದರೆ ಎಷ್ಟು ಚೆನ್ನ ಎಂದು ಮನಸಾರೆ ಅನ್ನಿಸುತ್ತದೆ. ಅಳತೆಯ ಬಗ್ಗೆ ಒಂದು ಕಿವಿಮಾತು. ಚಿಕ್ಕ ಜಮಖಾನ ನಡುವೆ ಒಂಟಿಯಾಗಿ ಬಿದ್ದಿದ್ದರೆ ಕೋಣೆಯೂ ಚಿಕ್ಕದಾಗಿ ಕಾಣುತ್ತದೆ. ಸೋಫಾದ ಮುಂದಿನ ಕಾಲುಗಳಾದರೂ ಅದರ ಮೇಲೆ ಬರುವಷ್ಟು ದೊಡ್ಡದಿರಲಿ.

ಗೋಡೆಯ ವಿಷಯದಲ್ಲಿ ಸ್ವಲ್ಪ ಖಡಕ್ಕಾಗಿಯೇ ಹೇಳಬೇಕಿದೆ. ತೇವ ಬಂದ ಗೋಡೆಯ ಮೇಲೆ ವಾಲ್‌ಪೇಪರ್ ಅಂಟಿಸುವುದು, ಪಿವಿಸಿ ಹಲಗೆ ಹೊಡೆಸಿ ಮುಚ್ಚುವುದು ಈಗ ಎಲ್ಲೆಡೆ ನಡೆಯುತ್ತಿದೆ. ದಯವಿಟ್ಟು ಮಾಡಬೇಡಿ. ನೀರು ಬರುವ ದಾರಿ ಹಾಗೆಯೇ ಇರುತ್ತದೆ, ಒಣಗಲು ಗಾಳಿಯೂ ಇಲ್ಲದೆ ಒಳಗೇ ಬೂಸ್ಟು ಬೆಳೆಯುತ್ತದೆ. ಉಬ್ಬಸ ಇರುವವರು, ಚಿಕ್ಕ ಮಕ್ಕಳು ಇರುವ ಮನೆಯಲ್ಲಂತೂ ಅದು ಅಪಾಯ. ಸೋರಿಕೆ ಸರಿಮಾಡಿಸಿಕೊಡಿ ಎಂದು ಯಜಮಾನರನ್ನು ಕೇಳುವುದು ಬಾಡಿಗೆದಾರರ ಹಕ್ಕು. ಸಂಕೋಚಪಡದೆ, ಫೋಟೊ ತೆಗೆದು ಕಳಿಸಿ ಕೇಳಿ.

ಅಂಟುವ ಹುಕ್‌ಗಳು ಟೈಲ್ಸ್ ಮೇಲೆ, ಬಾಗಿಲಿನ ಮೇಲೆ ನಿಲ್ಲುತ್ತವೆ. ಡಿಸ್ಟೆಂಪರ್ ಬಳಿದ ಗೋಡೆಗೆ ಹಾಕಿದರೆ ತೆಗೆಯುವಾಗ ಬಣ್ಣದ ಚಕ್ಕೆಯನ್ನೇ ಕಿತ್ತುಕೊಂಡು ಬರುತ್ತವೆ. ಹಿಂದಿನವರು ಹೊಡೆದು ಬಿಟ್ಟುಹೋದ ಮೊಳೆಗಳು ಪ್ರತಿ ಬಾಡಿಗೆ ಮನೆಯಲ್ಲೂ ಇರುತ್ತವೆ, ಅವನ್ನೇ ಹುಡುಕಿ ಬಳಸಿ. ಇಲ್ಲವಾದರೆ ಚಿತ್ರವನ್ನು ಬೀರು, ಮೇಜು, ಪುಸ್ತಕದ ಕಪಾಟಿನ ಮೇಲೆ ಗೋಡೆಗೆ ಒರಗಿಸಿಡಿ, ಅದೂ ಲಕ್ಷಣವಾಗಿರುತ್ತದೆ. ತೂಗುಹಾಕುವ ಎತ್ತರದ ಬಗ್ಗೆ ನನ್ನದೊಂದು ಒತ್ತಾಯವಿದೆ. ಅಜ್ಜ ಅಜ್ಜಿಯರ ಫೋಟೊಗಳನ್ನು ನಾವು ಬಾಗಿಲಿಗಿಂತ ಮೇಲೆ, ಸೂರಿನ ಹತ್ತಿರ ಹಾಕುತ್ತೇವೆ. ಹಿಂದೆ ಎತ್ತರದ ಗೋಡೆಯ ಮನೆಗಳಲ್ಲಿ ದಾರ ಕಟ್ಟಿ ಫೋಟೊವನ್ನು ಮುಂದಕ್ಕೆ ಬಾಗಿಸುತ್ತಿದ್ದರು. ಕೆಳಗೆ ಚಾಪೆಯ ಮೇಲೆ ಕುಳಿತವರಿಗೂ ಮುಖ ಕಾಣಲಿ, ಗಾಜಿನಲ್ಲಿ ಬೆಳಕು ಹೊಳೆಯದಿರಲಿ ಎಂದು ಹಾಗೆ. ಈಗ ಬಾಗಿಸುವುದು ಹೋಯಿತು, ಎತ್ತರ ಮಾತ್ರ ಉಳಿಯಿತು. ಚಿತ್ರದ ನಡುಭಾಗ ನೆಲದಿಂದ ಸುಮಾರು ಐದು ಅಡಿ ಇರಲಿ, ನಿಂತವರ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಹಿರಿಯರ ಮುಖ ಮೊಮ್ಮಕ್ಕಳಿಗೆ ಕಾಣಬೇಕು, ಯಾರಿವರು ಎಂದು ಕೇಳಬೇಕು, ನಾವು ಹೇಳಬೇಕು. ಫೋಟೊ ಇರುವುದೇ ಅದಕ್ಕೆ.

ಗೋಡೆಗೆ ಬೇರೇನಾದರೂ ಬೇಕು ಎನ್ನುವವರು ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳ ಹಸೆ ಚಿತ್ತಾರವನ್ನು ಅವರಿಂದಲೇ ಕೊಳ್ಳಿ. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳು, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚದಿಂದ ಎಳೆದ ಗೆರೆ ಎಷ್ಟು ನೇರ, ಎಷ್ಟು ತೆಳು ಎಂಬುದನ್ನು ಹತ್ತಿರದಿಂದಲೇ ನೋಡಬೇಕು. ಅಂಥ ಒಂದು ಚಿತ್ರ ಇರುವ ಗೋಡೆಗೆ ಮತ್ತೇನೂ ಬೇಕಾಗುವುದಿಲ್ಲ.

ಗಿಡಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ, ಚುಟುಕಾಗಿ ಮುಗಿಸುತ್ತೇನೆ. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್ ಕಡಿಮೆ ಬೆಳಕಿನಲ್ಲೂ ಬದುಕುತ್ತವೆ. ಗಾಳಿ ಶುದ್ಧವಾಗುತ್ತದೆ ಎಂಬ ಆಸೆಯಿಂದ ತರಬೇಡಿ. ಆ ನಂಬಿಕೆಗೆ ಮೂಲವಾದ 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಪುಟ್ಟ ಪೆಟ್ಟಿಗೆಗಳಲ್ಲಿ, ನಮ್ಮ ಮನೆಗಳಲ್ಲಿ ಕಿಟಕಿ ತೆರೆದರೆ ಅದಕ್ಕಿಂತ ಹೆಚ್ಚಿನ ಉಪಕಾರವಾಗುತ್ತದೆ. ಹಸಿರು ಕಣ್ಣಿಗೆ ತಂಪು, ಅಷ್ಟೇ ಕಾರಣ ಸಾಕು. ಪ್ಲಾಸ್ಟಿಕ್ ಹೂವು ಮಾತ್ರ ಬೇಡವೇ ಬೇಡ, ದೂಳು ಹಿಡಿಯುವುದನ್ನು ಬಿಟ್ಟರೆ ಅದರಿಂದ ಏನೂ ಇಲ್ಲ.

ಇಷ್ಟಕ್ಕೂ ಒಂದೇ ಸಲ ಖರ್ಚು ಮಾಡಬೇಕಿಲ್ಲ. ಈ ತಿಂಗಳು ಬಲ್ಬು, ದೀಪಾವಳಿಗೆ ಪರದೆ, ಯುಗಾದಿಗೆ ಜಮಖಾನ, ಹಬ್ಬಕ್ಕೊಂದರಂತೆ ಸೇರಿಸುತ್ತಾ ಹೋಗಿ. ಅದಕ್ಕೂ ಮೊದಲು ಸಜ್ಜಾದ ಮೇಲಿನ ಆ ಪೆಟ್ಟಿಗೆಗಳನ್ನು ಕೆಳಗಿಳಿಸಿ ಬಿಚ್ಚಿ. ಪರದೆ ಹೊಲಿಸುವಾಗ ನಾನು ಹೇಳಿದ ಆ ಅರ್ಧ ಅಡಿ ಮಡಿಕೆಯನ್ನು ಕತ್ತರಿಸಬೇಡಿ ಎಂದು ದರ್ಜಿಗೆ ಒತ್ತಿ ಹೇಳಿ. ಮುಂದಿನ ಮನೆಯ ಕಿಟಕಿ ಇದಕ್ಕಿಂತ ಎತ್ತರ ಇದ್ದರೆ ಬಿಚ್ಚಿ ಇಳಿಸಿಕೊಳ್ಳಬಹುದು. ನಿಮ್ಮ ಮನೆಯಲ್ಲಿ ನೀವು ಮಾಡಿಕೊಂಡದ್ದನ್ನು ಫೋಟೊ ಸಮೇತ ಇಲ್ಲಿ ಹಾಕಿ, ಅದರಲ್ಲೂ ಹಳೆಯ ಕೌದಿಗಳನ್ನು ನೋಡಲು ಕಾದಿರುತ್ತೇನೆ.