ಚೌಡಿ ಬನಕ್ಕೆ ಟೈಲ್ಸ್ ಹಾಕಿದ್ದಾರೆ

ಊರಿಗೆ ಬಂದವನು ಬೆಳಿಗ್ಗೆ ನಮ್ಮೂರ ದೇವತೆ ಚೌಡಿಯ ಬನಕ್ಕೆ ಹೋಗಿದ್ದೆ. ತಿಂಡಿ ತಿನ್ನೋಕೂ ಮನಸ್ಸಾಗದೆ ಇದನ್ನು ಬರೆಯುತ್ತಿದ್ದೇನೆ.

ಚೌಡಿ ಕಲ್ಲಿನ ಸುತ್ತ ನೆಲಕ್ಕೆಲ್ಲ ಕಾಂಕ್ರೀಟ್, ಮೇಲೆ ಟೈಲ್ಸ್. ಜಡ್ಡಿಯಲ್ಲಿ, ಅಂದರೆ ಜೌಗು ಕಾಡಿನಲ್ಲಿ ಬೆಳೆಯುವ ರಾಮಪತ್ರೆ ಜಾತಿಯ ಮರದ ಬೇರು ನೋಡಿದ್ದೀರಲ್ವಾ? ಮಂಡಿ ಮಡಚಿದ ಹಾಗೆ ಕೆಸರಿನಿಂದ ಮೇಲೆದ್ದು ಮತ್ತೆ ಇಳಿಯುತ್ತದೆ. ಆ ಜೌಗಿನಲ್ಲಿ ಮರ ಉಸಿರಾಡುವುದೇ ಅದರಿಂದ. ಕಾಲಿಗೆ ತಾಗುತ್ತದೆ ಅಂತ ಅದನ್ನೇ ಕೊಯ್ದಿದ್ದಾರೆ. ಕೊಯ್ದಲ್ಲಿ ಕೆಂಪು ರಸ ಜಿನುಗಿ ಸಿಮೆಂಟಿನ ಮೇಲೆ ಇಳಿದಿತ್ತು. ಮುಟ್ಟಿದೆ. ಇನ್ನೂ ಅಂಟಂಟು.

ನಮ್ಮಜ್ಜಿ ಬನದಿಂದ ಒಣ ಕಡ್ಡಿ ಕೂಡ ತರಲು ಬಿಡುತ್ತಿರಲಿಲ್ಲ. ಸೊಪ್ಪು, ಸೌದೆಗೆ ಬೆಟ್ಟ ಇತ್ತು. ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟ ಸೀಮೆ ನಮ್ಮದು. ಬನ ಮಾತ್ರ ಚೌಡಿಯದು. ಅವಳಿಗೆ ಮಾಡು ಇರಲಿಲ್ಲ, ಮರಗಳೇ ಮಾಡು. ಬನದ ಬುಡದಲ್ಲಿ ಹುಟ್ಟಿದ ಅಬ್ಬಿ ನೀರು, ಅಂದರೆ ಒರತೆ ನೀರು, ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಹರಿದು ಹಿತ್ತಲಿಗೆ ಬರುತ್ತಿತ್ತು. ಅದನ್ನು ಕುಡಿದು ಬೆಳೆದವರು ನಾವು. ಅಂಥ ನೆಲವನ್ನು ಮುಚ್ಚಲು ಮನಸ್ಸಾದರೂ ಹೇಗೆ ಬಂತು?

ಕೇಳಿದ್ದಕ್ಕೆ ಬನದ ಕಮಿಟಿಯ ಒಬ್ಬರು, "ಮಳೆಗಾಲದಲ್ಲಿ ಉಂಬಳ (ಜಿಗಣೆ) ಕಚ್ತು ಮಾರಾಯಾ, ವಯಸ್ಸಾದವು ಹ್ಯಾಂಗೆ ಬರವು?" ಅಂದರು. ವಯಸ್ಸಾದವರ ಕಷ್ಟ ನಿಜ. ಅದಕ್ಕೆ ದಾರಿಗೆ ನಾಲ್ಕು ಕಲ್ಲು ಹಾಸಿದ್ದರೆ ಸಾಕಿತ್ತು. ಬೇರು ಕೊಯ್ಯಬೇಕಿರಲಿಲ್ಲ. ಅಜ್ಜಿ ಕಡೆಯವರೆಗೂ ಕೋಲೂರಿಕೊಂಡು ಬರಿಗಾಲಲ್ಲೇ ಹೋಗುತ್ತಿದ್ದಳು.

1983ರ ಸೆಪ್ಟೆಂಬರಿನಲ್ಲಿ ಶಿರಸಿ ಹತ್ತಿರದ ಸಾಲ್ಕಣಿ ಊರಿನವರು ಕಳಾಸೆ ಕಾಡಿಗೆ ಹೋಗಿ ಮರ ತಬ್ಬಿ ನಿಂತರು. ಅಪ್ಪಿಕೋ ಅಂತ ಇಡೀ ನಾಡಿಗೇ ಗೊತ್ತಾಯಿತು. ಆಗ ಕೊಡಲಿ ಹೊರಗಿನಿಂದ ಬಂದಿತ್ತು. ಈಗ ನಾವೇ ಕಾಯಿ ಒಡೆದು, ಕೈಮುಗಿದು ಕೊಯ್ಯುತ್ತಿದ್ದೇವೆ. ನನಗೆ ತಡೆಯಲಾಗದೇ ಇರುವುದು ಇದೇ. ಸಿದ್ದಾಪುರದ ಕತ್ತಲೆಕಾನು ಅನ್ನುವ ಇಂಥದೇ ಜಡ್ಡಿ ಕಾಡಿನಲ್ಲಿ ಗುರುತಿಸಿದ ಹೊಸ ಮರದ ಜಾತಿಯೊಂದಕ್ಕೆ 2000ರಲ್ಲಿ ಆ ಕಾನಿನ ಹೆಸರನ್ನೇ ಇಟ್ಟರು. ನಮ್ಮ ಬನದಲ್ಲಿ ಏನೇನಿದೆ ಅಂತ ಒಬ್ಬರಾದರೂ ನೋಡಿದ್ದೇವಾ?

ಇನ್ನೊಂದು ಮಾತು ಹೇಳಲೇಬೇಕು. ಜೀರ್ಣೋದ್ಧಾರಕ್ಕೆ ಅಂತ ಫೋನ್ ಬಂದಾಗ ನಾನೂ 5000 ರೂಪಾಯಿ ಕಳಿಸಿದ್ದೆ. ಏನು ಮಾಡ್ತೀರಿ ಅಂತ ಕೇಳಲೂ ಇಲ್ಲ. ಆ ಸಿಮೆಂಟಿನಲ್ಲಿ ನನ್ನ ದುಡ್ಡೂ ಇದೆ. ಬೆಳಿಗ್ಗೆಯಿಂದ ಅದೇ ಕೊರೆಯುತ್ತಿದೆ.

ನಾಳೆ ಸಂಜೆ ಕಮಿಟಿ ಸಭೆ ಇದೆ. ಮರಗಳ ಬುಡದ ಕಾಂಕ್ರೀಟನ್ನಾದರೂ ಒಡೆಸಿ, ಖರ್ಚು ನಾನೇ ಕೊಡುತ್ತೇನೆ ಅಂತ ಕೇಳುವವನಿದ್ದೇನೆ. ಊರಲ್ಲಿ ಇರುವವರು ದಯವಿಟ್ಟು ಬನ್ನಿ.