ದಾನಿಗಳ ಪಟ್ಟಿಯೇ ಚರಿತ್ರೆಯಾ?

ನಿನ್ನೆ ನಮ್ಮ ಕಡೆಯ ಒಂದು ಶಾಲೆಯ ಶತಮಾನೋತ್ಸವಕ್ಕೆ ಹೋಗಿ ತಲೆಬಿಸಿ ಮಾಡಿಕೊಂಡು ಬಂದೆ. ಸ್ಮರಣ ಸಂಚಿಕೆಯಲ್ಲಿ ‘ಶಾಲೆ ನಡೆದು ಬಂದ ದಾರಿ’ ಅಂತ ಒಂದು ಬರಹ. ಜಾಗ ಕೊಟ್ಟ ಮನೆತನ, ಕೊಠಡಿ ಕಟ್ಟಿಸಿದ ದಾನಿ, ಫ್ಯಾನಿನ ದಾನಿ, ನೀರಿನ ಟ್ಯಾಂಕಿನ ದಾನಿ. ಓದಿದ ಮಕ್ಕಳೇ ಇಲ್ಲ!

ಅತ್ತ ಕಪಾಟಿನಲ್ಲಿ ದಾಖಲಾತಿ ರಿಜಿಸ್ಟರಿಗೆ ಗೆದ್ದಲು ಹಿಡಿದಿದೆ. ಚರಿತ್ರೆ ಇರುವುದು ಅದರಲ್ಲಿ ಮಾರಾಯ್ರೆ.

ದಕ್ಷಿಣ ಕನ್ನಡ 1956ರ ತನಕ ಮದ್ರಾಸಿಗೆ ಸೇರಿತ್ತು, ಗೊತ್ತಲ್ವಾ. ಡಿಸ್ಟ್ರಿಕ್ಟ್ ಬೋರ್ಡು ನಡೆಸುತ್ತಿದ್ದ ಶಾಲೆ ಹಿರಿಯರ ಬಾಯಲ್ಲಿ ಇವತ್ತಿಗೂ ‘ಬೋರ್ಡು ಶಾಲೆ’. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನ ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು, ಮುಳಿಹುಲ್ಲಿನ ಮಾಡು (ಸೂರು) ಹೋಗಿ ಹೆಂಚು ಬಂದದ್ದು, ಇದನ್ನೆಲ್ಲ ಭಾಷಣದಲ್ಲಿ ಚೆನ್ನಾಗಿಯೇ ಹೇಳಿದರು. ಆದರೆ ಆ ಮಾಡಿನ ಕೆಳಗೆ ಯಾರು ಕೂತರು? ಯಾರನ್ನು ಜಗಲಿಯಲ್ಲೇ ನಿಲ್ಲಿಸಿದರು? ಸಮಾಜ ಸುಧಾರಕ ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆಂದೇ ಶಾಲೆ ತೆರೆಯಬೇಕಾಯಿತು. ಇದ್ದ ಶಾಲೆಗಳ ಬಾಗಿಲು ಎಲ್ಲರಿಗೂ ತೆರೆದಿದ್ದರೆ ಅವರಿಗೇನು ಬೇರೆ ಕೆಲಸ ಇರಲಿಲ್ಲವಾ?

ರಿಜಿಸ್ಟರ್ ತೆರೆದರೆ ಹೆಸರು, ತಂದೆಯ ಕಸುಬು, ಜಾತಿ, ಸೇರಿದ ದಿನ, ಬಿಟ್ಟ ದಿನ. ಹುಡುಗಿಯರ ಹೆಸರು ಯಾವ ವರ್ಷ ಮೊದಲು ಬಂತು, ಎಷ್ಟನೇ ಕ್ಲಾಸಿಗೆ ನಿಂತುಹೋಯಿತು, ಎಲ್ಲ ಅಲ್ಲೇ. ಅರ್ಧ ಊರು ಜೂನ್ 1ಕ್ಕೆ ಹುಟ್ಟಿದ್ದೂ ಅಲ್ಲೇ! ನನ್ನ ಅಪ್ಪನೂ ಆ ಲೆಕ್ಕದವರೇ. ದೀಪಾವಳಿ ಹೊತ್ತಿಗೆ ಹೆತ್ತದ್ದು ಅಂತ ಅಜ್ಜಿ ಹೇಳುತ್ತಿದ್ದರು. ಮಾಷ್ಟ್ರು ಒಪ್ಪಬೇಕಲ್ಲ.

"ಹಳೇದನ್ನೆಲ್ಲ ಯಾಕೆ ಕೆದಕುವುದು? ಮಕ್ಕಳಿಲ್ಲದೆ ಶಾಲೆ ಮುಚ್ಚುವ ಹಾಗಿದೆ, ಮೊದಲು ಅದನ್ನು ನೋಡಿ" ಅಂದರು ಊಟದ ಪಂಕ್ತಿಯಲ್ಲಿ ಒಬ್ಬರು. ಸರಿ ಸ್ವಾಮಿ. ಗೆದ್ದಲು ಕೊಡವಿದರೆ ಬರುವ ಮಕ್ಕಳು ನಿಲ್ಲುತ್ತಾರಾ? ಹೀಗೆಂದವರ ಮೊಮ್ಮಕ್ಕಳು ಹೋಗುವುದು ಇಂಗ್ಲಿಷ್ ಮೀಡಿಯಮ್ಮಿನ ಹಳದಿ ಬಸ್ಸಿನಲ್ಲಿ. ನನ್ನ ಮಗಳು ಹೋಗುವುದೂ ಅದರಲ್ಲೇ. ಹಾಗಾಗಿ ಸುಮ್ನೆ ಪಾಯಸ ಉಂಡೆ.

ಹಳೇದು ಬೇಡ ಅನ್ನುವ ನಾವೇ ಜಾತಿಗೋ ವಯಸ್ಸಿಗೋ ದಾಖಲೆ ಬೇಕಾದಾಗ ಆ ಪುಸ್ತಕ ಹುಡುಕಿಕೊಂಡು ಓಡುತ್ತೇವೆ. ಹಾಳೆ ಸಿಗದಿದ್ದರೆ ಪಾಪ, ಹೆಡ್‌ಮಾಷ್ಟ್ರಿಗೆ ಬೈಗುಳ. ಪೆಂಡಾಲಿಗೆ ಸುರಿದ ದುಡ್ಡಿನಲ್ಲಿ ಒಂದು ಒಳ್ಳೆ ಕಬ್ಬಿಣದ ಕಪಾಟು ಬರುತ್ತಿರಲಿಲ್ಲವಾ? ಅದೂ ಜಾಸ್ತಿಯಾಯಿತು ಅಂದರೆ ಮೊಬೈಲ್ ಇದೆಯಲ್ಲ, ಒಂದೊಂದೇ ಹಾಳೆ ಫೋಟೊ ತೆಗೆದಿಡಬಹುದು. ಸಮಿತಿಯವರು ಕಪಾಟಿನ ಕೀಲಿಕೈ ಕೊಟ್ಟರೆ ಬರುವ ಭಾನುವಾರ ನಾನು ರೆಡಿ. ಹಾಳೆ ಮಗುಚಲು ಇನ್ನಿಬ್ಬರು ಬೇಕು. ಬರುವವರು ಫೋನ್ ಮಾಡಿ.